ನೀಲಿ ದಾರದ ಮೊಣಕಾಲು ಪಟ್ಟಿ

"ಒಂಟಿಕಾಲಲ್ಲಿ ನಿಲ್ಲಿ."

ಕೀಲು ಪರೀಕ್ಷೆಯ ಕೋಣೆಗೆ ಕಾಲಿಟ್ಟ ಅವಳು ಆ ದನಿ ಕೇಳಿದ್ದೇ ಬಾಗಿಲಲ್ಲೇ ನಿಂತಳು. ಹನ್ನೆರಡು ವರ್ಷ ಕಳೆದರೂ ಅದೇ ದನಿ! ಕಿವಿಯ ಬಳಿ ಕೂದಲು ನರೆತಿತ್ತು, ಅಷ್ಟೇ.

ಚೀಟಿಯಿಂದ ತಲೆಯೆತ್ತಿದವನ ಕೈಯಿಂದ ತಂತಿ ಜಾರಿ ಬಿತ್ತು.

"ಗುಂಡುಸೂಜಿ...?"

"ಆ ಹಳೇ ಅಡ್ಡಹೆಸರು ಬೇಡ, ದರ್ಜಿ ಅಂದ್ರೆ ಸಾಕು," ಎಂದಳು ಬಿಗಿಯಾಗಿ. "ಮೊಣಕಾಲು ನೋವು. ಹೊಲಿಗೆ ಯಂತ್ರ ತುಳಿಯೋಕಾಗ್ತಿಲ್ಲ. ನನ್ನ ಅನ್ನ ಅದೇ. ಈ ಕಾಲು ಉಳಿಯುತ್ತೋ ಇಲ್ವೋ, ಅಷ್ಟು ಹೇಳಿ."

ಅವನು ಮೊಣಕಾಲಿನ ಸುತ್ತ ತಂತಿ ಜೋಡಿಸಿದ ಪುಟ್ಟ ಬಿಲ್ಲೆಗಳನ್ನು ಅಂಟಿಸಿದ. ಖಾನೆಯ ತಳದಿಂದ ಪಟ್ಟಿಯೊಂದನ್ನು ತೆಗೆದು ಮೇಲೆ ಕಟ್ಟಿದ. ಮೈಭಾರ ಬಿದ್ದಾಗ ಕೀಲಿನ ಮೆದು ಮೂಳೆ ಚೂರೇ ಚೂರು ವಿದ್ಯುತ್ತು ಹೊಮ್ಮಿಸುತ್ತದೆ, ಸವೆದರೆ ಅದು ಮಂಕಾಗುತ್ತದೆ. ಅವಳಿಗೆ ಇದನ್ನು ಕಲಿಸಿದವನೇ ಅವನು.

ಪಟ್ಟಿಯ ಅಂಚಿನಲ್ಲಿ ನೀಲಿ ದಾರದ ಹೊಲಿಗೆ... ಅವಳದೇ ಕೈಕೆಲಸ!

ಆಗ, ಆ ವಿದ್ಯುತ್ತು ಅಳೆಯಲು ಅವನು ಕಟ್ಟುತ್ತಿದ್ದ ಈ ಯಂತ್ರವೆಂದರೆ ಮೇಜಿನ ಮೇಲೊಂದು ತಂತಿಯ ಗೂಡು. ಪಟ್ಟಿ ಹೊಲಿದುಕೊಡಲು ಬಂದವಳನ್ನೇ, "ಆರೋಗ್ಯವಾಗಿರೋ ಮೊಣಕಾಲಿನ ಅಳತೆ ಬೇಕು, ನಿಲ್ತೀಯಾ?" ಎಂದು ಕೇಳಿದ್ದ. ಮಂಗಳವಾರ ಬಂದರೆ ಅವಳು ಒಂಟಿಕಾಲಲ್ಲಿ ನಿಲ್ಲುವುದು, "ತಂತಿರಾಯರೇ, ನಾನೇನು ಕೊಕ್ಕರೆನಾ?" ಎಂದು ನಗುವುದು... ಕಿಟಕಿಯ ಬಿಸಿಲು, ಬೆಸುಗೆಯ ಹೊಗೆ... ಆ ದಿನಗಳೇ ಬೇರೆ!

ಒಂದು ದಿನ ಅವನ ದಾಖಲೆ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಓದಿದಳು: "ಈ ಅಳತೆಗಳು ಕೆಲಸಕ್ಕೆ ಬಾರವು." ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

"ಕೆಲಸಕ್ಕೆ ಬಾರದವಳ ಪಟ್ಟಿ ಯಾಕಿಟ್ಕೊಂಡ್ರಿ?" ಬಾಯಿ ತಡೆಯಲಿಲ್ಲ.

ಅವನು ಬೀರುವಿನಿಂದ ಹಳೆಯ ಪುಸ್ತಕ ತಂದು ಅದೇ ಪುಟ ತೆರೆದ. "ಮಗುಚಿ ನೋಡು."

ಹಿಂಬದಿಯಲ್ಲಿ ಅದೇ ಶಾಯಿ: "ಮೊಣಕಾಲಿನದು ತಪ್ಪಿಲ್ಲ. ಅವಳು ನಕ್ಕರೆ ನನ್ನ ಕೈ ನಡುಗಿ ತಂತಿ ಅಲುಗುತ್ತದೆ."

"ಬಂದು ಹೇಳಬಾರದಿತ್ತಾ?"

"ಮೂರು ಸಲ ನಿಮ್ಮಂಗಡಿಗೆ ಬಂದೆ. ಒಳ್ಳೇ ಪ್ಯಾಂಟನ್ನೇ ಹರ್ಕೊಂಡು ಬಂದೆ! ಮೂರು ಸಲಾನೂ ನಿಮ್ಮಕ್ಕ ಹೊಲಿದು ಕಳಿಸಿದ್ರು."

ಆ ಮೂರು ಸಲವೂ ಅವಳು ಅಂಗಡಿಯ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು...

"ಮನೇಲಿ ಯಾರ್ಯಾರಿದ್ದಾರೆ?" ಮೆಲ್ಲಗೆ ಕೇಳಿದಳು.

"ನಾನು, ಕೆಟ್ಟುಹೋದ ಎರಡು ರೇಡಿಯೋ. ನಿಮ್ಮನೇಲಿ?" ಎಂದ, ಬಿಲ್ಲೆಗಳ ತಂತಿ ಹಿಡಿದು ಯಂತ್ರ ಚಾಲೂ ಮಾಡುತ್ತ.

"ನಾನು, ಅಕ್ಕನ ಬೈಗುಳ."

ಇಬ್ಬರೂ ನಕ್ಕರು. ಯಂತ್ರದ ಪರದೆಯ ಮೇಲೆ ಗೆರೆ ಅಡ್ಡಾದಿಡ್ಡಿ ಕುಣಿಯಿತು. ತಂತಿ ಹಿಡಿದ ಅವನ ಕೈ ಇಂದೂ ನಡುಗುತ್ತಿತ್ತು!

ಅವಳು ಚೀಲದಿಂದ ಸೂಜಿ, ನೀಲಿ ದಾರ ತೆಗೆದು ತಂತಿಗಳನ್ನು ಪಟ್ಟಿಗೇ ಸೇರಿಸಿ ಹೊಲಿದಳು.

"ಕೈ ಬಿಡಿ ಈಗ. ಅವತ್ತೇ ಹೇಳಿದ್ರೆ ನಾಲ್ಕು ಹೊಲಿಗೇಲಿ ಮುಗೀತಿತ್ತಲ್ಲ, ತಂತಿರಾಯರೇ..."

ಅವಳು ಒಂಟಿಕಾಲಲ್ಲಿ ನಿಂತಳು. ಗೆರೆ ಸುಮ್ಮನಾಗಿ, ನಿಧಾನಕ್ಕೆ ಏರಿತು. ಗಿಡ್ಡ ದಿಬ್ಬ, ಆದರೂ ದಿಬ್ಬವೇ.

"ಒಂದು ಕಡೆ ಸವೆದಿದೆ. ಆದ್ರೆ ಜೀವ ಇದೆ," ಎಂದ, ಕಣ್ಣೊರೆಸಿಕೊಳ್ಳುತ್ತ. "ತುಳಿಯೋದು ಬಿಡಬೇಕು. ನಿನ್ನ ಯಂತ್ರಕ್ಕೆ ಮೋಟಾರು ನಾನೇ ಕೂರಿಸಿ ಕೊಡ್ತೀನಿ. ನಾಳೆ ಬರಲಾ?"

"ಬನ್ನಿ. ಪ್ಯಾಂಟ್ ಹರ್ಕೋಬೇಡಿ."

"ಹರ್ಕೊಂಡೇ ಬರ್ತೀನಿ. ಈ ಸಲ ನೀನೇ ಹೊಲೀಬೇಕು."

ಅವಳು ತಲೆ ತಗ್ಗಿಸಿದಳು.

"ಪರದೆ ಸರಿಸಿಟ್ಟಿರ್ತೀನಿ..."