ಸುಟ್ಟ ವಾಸನೆ ಮತ್ತು ಕಮಲಾಪುರದ ಮೋಟಾರು

ದೌಲಪ್ಪನ ಸವಾರಿ ಬಂಡಿಗೆ ಒಂದು ನರಪಿಳ್ಳೆಯೂ ಹತ್ತದೆ ನಾಲ್ಕು ತಿಂಗಳಾಗಿತ್ತು. ಕಮಲಾಪುರದಿಂದ ಕಲಬುರಗಿಗೆ ಮೋಟಾರು ಶುರುವಾದ ದಿನವೇ ಅವನ ಹೊಟ್ಟೆಯ ಮೇಲೆ ಕಲ್ಲು ಬಿದ್ದಿತ್ತು. ಇಪ್ಪತ್ತೆರಡು ವರ್ಷ ಮದುವೆಯ ಬೀಗರು, ನಿಜಾಮ ಸರಕಾರದ ಕಾರಕೂನರು, ಹಸಿ ಬಾಣಂತಿಯರು, ಎಲ್ಲರನ್ನೂ ಮೈ ಅಲುಗದ ಹಾಗೆ ಊರು ಮುಟ್ಟಿಸಿದವನು ಅವನು. ಈಗ ಅದೇ ಮಂದಿ ಅವನ ಕಣ್ಣೆದುರೇ ಮೋಟಾರು ಹತ್ತಿ, ಎತ್ತಿಗೂ ಒಂದೀಟು ಪೆಟ್ರೋಲು ಕುಡಿಸಿ ನೋಡೋ ಎಂದು ನಗುತ್ತಿದ್ದರು. ನಗಲಿ, ಹಾಳಾಗಿ ಹೋಗಲಿ. ಆದರೆ ಬರುವ ಸಂತೆಗೆ ಎತ್ತುಗಳನ್ನು ಹೊಡೆದುಕೊಂಡು ಹೋಗಲೇಬೇಕಿತ್ತು, ಮೇವು ಮುಗಿದಿತ್ತು. ವಯಸ್ಸಾದ ಎತ್ತುಗಳನ್ನು ಅಲ್ಲಿ ಕೇಳುವವನು ಕಟುಕರ ದಲ್ಲಾಳಿ ಒಬ್ಬನೇ. ಹೆಂಡತಿ ಚಂದಮ್ಮ ಮೂರು ದಿನದಿಂದ ಅವುಗಳ ಮುಖ ನೋಡದೆ ನೀರಿಡುತ್ತಿದ್ದಳು. ಮಕ್ಕಳಿಲ್ಲದ ಮನೆ, ಅವೇ ಮಕ್ಕಳು.

ಮೋಟಾರು ಇದ್ದದ್ದು ಒಂದೇ. ಅದು ನಡುದಾರಿಯಲ್ಲಿ ತಾನಾಗಿ ಸುಟ್ಟುಹೋಯಿತು ಎಂದಾದರೆ ಸಾಕು. ಬೆಂಕಿ ಹತ್ತುವ ಗಾಡಿ ಎಂದು ಒಮ್ಮೆ ಹೆಸರು ಕೆಟ್ಟ ಮೇಲೆ ಯಾವ ತಾಯಿ ಮಗುವನ್ನೆತ್ತಿಕೊಂಡು ಅದನ್ನು ಹತ್ತುತ್ತಾಳೆ? ಆದರೆ ಒಂದು ಜೀವಕ್ಕೂ ಏನೂ ಆಗಬಾರದು, ಅದು ಅವನ ಹಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅದಕ್ಕೆಂದೇ ಮೂರು ಸಲ ಮೋಟಾರು ಹತ್ತಿದ. ಎರಡನೆಯ ಸಲ ದಾರಿಯಲ್ಲಿ ಏನೋ ಸುಟ್ಟ ವಾಸನೆ ಬಂದದ್ದು ಅವನ ಪುಣ್ಯ. ವಾಸನೆ ಬಂದಾಗ ಮೋಟಾರಿನವರು ಏನು ಮಾಡುತ್ತಾರೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಡ್ರೈವರ್ ಖಮರುದ್ದೀನ್ ಮೊದಲು ಎಂಜಿನ್ ಬಂದ್ ಮಾಡುತ್ತಾನೆ. ಎಲ್ಲರ ಬೀಡಿ ಆರಿಸಿ, ಕೆಳಗಿಳಿಸಿ, ಐವತ್ತು ಹೆಜ್ಜೆ ದೂರ ನಿಲ್ಲಿಸುತ್ತಾನೆ. ಕ್ಲೀನರ್ ನಬಿಸಾಬ್ ಮುಂದಿನ ಮುಚ್ಚಳ ತೆಗೆದು ಎಂಜಿನ್ನಿನೊಳಗೆ ಮೂಗು ತೂರಿಸುತ್ತಾನೆ. ಆಮೇಲೆ ಚಕ್ರ, ಆಮೇಲೆ ಸೀಟಿನ ಬುಡ. ಹಿಂದೆ ಹೊರಗೆ ಕಟ್ಟಿದ ಸಾಮಾನಿನ ಕಡೆ ಹೋಗುವುದು ಎಲ್ಲಕ್ಕಿಂತ ಕಡೆಗೆ. ಪೆಟ್ರೋಲಿನ ಡಬ್ಬಿಗಳು ಇರುತ್ತಿದ್ದದ್ದೂ ಅಲ್ಲೇ.

ಅಲ್ಲಿ ದಿನಾ ಬೆಳಿಗ್ಗೆ ಕೆಂಪು ಬಾಳೆಹಣ್ಣಿನ ಬುಟ್ಟಿಗಳನ್ನು ಕಟ್ಟುತ್ತಿದ್ದರು. ಹೊಗೆ ಹಾಕಿ ಮಾಗಿಸಿದ ಹಣ್ಣು, ಬುಟ್ಟಿಯಿಂದ ಹೊಗೆ ನಾತ ಬಂದರೆ ಯಾರೂ ಕೇಳುವುದಿಲ್ಲ. ದೌಲಪ್ಪನ ಬುಟ್ಟಿಯಲ್ಲೂ ಮೇಲೆ ಹಣ್ಣೇ ಇತ್ತು. ತಳದಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ, ಅದರತ್ತ ನಿಧಾನ ಕೆಂಡವಾಗುತ್ತ ಸಾಗುವ ಒಂದು ಗೇಣು ಕತ್ತದ ಹಗ್ಗ, ಬೀಡಿ ಅಂಗಡಿಯಲ್ಲಿ ನೇತು ಹಾಕುತ್ತಾರಲ್ಲ, ಅಂಥದು. ಏಳು ದಿನ ಹಿತ್ತಲಲ್ಲಿ ಹಗ್ಗ ಸುಟ್ಟು ಸುಟ್ಟು ಅಳೆದಿದ್ದ. ಒಂದು ಗೇಣು ತೀರುವಷ್ಟರಲ್ಲಿ ಮೋಟಾರು ಮಹಾಗಾಂವ ಸಮೀಪಿಸುತ್ತದೆ. ತಾನು ಮಾತ್ರ ಮುಂದೆ, ಡ್ರೈವರನ ಪಕ್ಕದಲ್ಲಿ ಕೂಡಬೇಕು. ಬುಟ್ಟಿಯಿಂದ ಅಷ್ಟು ದೂರ ಕುಳಿತವನ ಮೇಲೆ ಯಾರಿಗೆ ಸಂಶಯ ಬಂದೀತು? ಬೆಂಕಿ ಏಳುವ ಮೊದಲೇ ಸುಟ್ಟ ವಾಸನೆ ಎಂದು ತಾನು ಕೂಗಿದ್ದು ಎಂಜಿನ್ನಿನ ಗದ್ದಲದಲ್ಲೂ ಡ್ರೈವರನಿಗೆ ಕೇಳಬೇಕು.

ಶುಕ್ರವಾರ ಬೆಳಿಗ್ಗೆ ಎಲ್ಲ ಸರಿಯಾಗಿಯೇ ಸಾಗಿತ್ತು. ಹಗ್ಗದ ತುದಿಗೆ ಕಿಡಿ ತಾಗಿಸಿದ್ದಾಗಿತ್ತು, ಬೆಳೆಗಾರರ ನೂಕುನುಗ್ಗಲಿನಲ್ಲಿ ಅವನ ಬುಟ್ಟಿಯೂ ಹಿಂದಿನ ಹಲಗೆ ಸೇರಿತು. ಮುಂದೆ ಹತ್ತಿ ಕುಳಿತು ತಿರುಗಿ ನೋಡಿದರೆ ಕಡೆಯ ಸೀಟಿನಲ್ಲಿ ಶೇವಂತಾ, ಮಡಿಲಲ್ಲಿ ಎರಡು ತಿಂಗಳ ಕೂಸು. ಕಲಬುರಗಿಯ ಬ್ರಹ್ಮಪುರದಿಂದ ಮದುಮಗಳಾಗಿ ಅವನ ಬಂಡಿಯಲ್ಲೇ ಕಮಲಾಪುರಕ್ಕೆ ಬಂದ ಹುಡುಗಿ ಅವಳು. ಗಾಳಿಗೆ ಹಗ್ಗ ಬೇಗ ಉರಿದರೆ? ಹಿತ್ತಲಲ್ಲಿ ಅಳೆದದ್ದು ತಪ್ಪಿದ್ದರೆ? ಇಳಿದು ಓಡಿಬಿಡಲೇ ಅನ್ನಿಸಿತು. ಎತ್ತುಗಳು ನೆನಪಾದವು, ಕುಳಿತ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಗೇಣು ಅಳೆಯುತ್ತ, ದೇವರಿಗೆ ಹರಕೆ ಹೊರುತ್ತ ಬೆವತು ನೀರಾದ. ಮಹಾಗಾಂವದ ತೊಗರಿ ಹೊಲಗಳು ಕಂಡದ್ದೇ ತಡ, ಅವನಿಂದ ತಡೆಯಲಾಗಲಿಲ್ಲ.

"ಖಮರುದ್ದೀನ್ ಭಾಯಿ, ಗಾಡಿ ನಿಂದ್ರಸ್ರೀ. ಸುಟ್ಟ ವಾಸನಿ ಬರಾಕತ್ತದ."

ಮುಂದಿನದೆಲ್ಲ ಅವನು ಎಣಿಸಿದ ಹಾಗೆಯೇ ನಡೆಯಿತು. ಎಂಜಿನ್ ನಿಂತಿತು. ಮಂದಿ ಗೊಣಗುತ್ತ ಇಳಿದು ದೂರ ನಿಂತರು. ನಬಿಸಾಬ್ ಮುಚ್ಚಳ ತೆಗೆದು ಮೂಗು ತೂರಿಸಿದ, ಏನೂ ಇಲ್ಲವೆಂದು ತಲೆಯಾಡಿಸಿದ, ಚಕ್ರದ ಬಳಿ ಬಗ್ಗಿದ. ಅಷ್ಟರಲ್ಲಿ ಹಿಂದೆ ಭಗ್ಗೆಂದಿತು. ಡಬ್ಬಿಗಳು ಸಿಡಿದವು. ಅರ್ಧ ಗಳಿಗೆಯಲ್ಲಿ ಮೋಟಾರಿನ ಕಬ್ಬಿಣದ ಎಲುಬಷ್ಟೇ ಉಳಿಯಿತು. ಯಾರ ಮೈಗೂ ಒಂದು ಕಿಡಿ ತಾಗಲಿಲ್ಲ.

ಶೇವಂತಾ ಬಂದು ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿ, ಅವನ ಕಾಲು ಹಿಡಿದು ಅತ್ತಳು. ಒಬ್ಬನು ತಂಬಿಗೆ ನೀರು ತಂದು ಕೊಟ್ಟ. ದೌಲಪ್ಪನೂ ಅತ್ತ, ಅದು ನಟನೆಯಲ್ಲ. ಎತ್ತುಗಳು ಉಳಿದವು, ಕೂಸೂ ಉಳಿಯಿತು, ಇನ್ನೇನು ಬೇಕು? ನಾಳೆ ಇವರೆಲ್ಲ ತನ್ನ ಬಂಡಿಯನ್ನೇ ಹತ್ತುತ್ತಾರೆ ಎಂದುಕೊಂಡ.

ಖಮರುದ್ದೀನ್ ಮಾತ್ರ ಒಬ್ಬೊಬ್ಬರ ಹತ್ತಿರವೂ ಹೋಗಿ ಏನೋ ಕೇಳುತ್ತಿದ್ದ. ಕಡೆಗೆ ಬಂದು ದೌಲಪ್ಪನ ಪಕ್ಕದಲ್ಲಿ ಕುಳಿತ. ಸಿಟ್ಟಿರಲಿಲ್ಲ, ದನಿ ಏರಿಸಲಿಲ್ಲ. ಪೊಲೀಸ್ ಅಮೀನರನ್ನು ಕರೆತರಲು ನಬಿಸಾಬನನ್ನು ಕಳಿಸಿದ್ದೇನೆ ಎಂದ. ಕೂಸನ್ನು ಮೆಲ್ಲಗೆ ಎತ್ತಿ ತಾಯಿಗೆ ಕೊಟ್ಟ. ಆಮೇಲೆ ಹೇಳಿದ: "ಎತ್ತಿನ ಬಂಡ್ಯಾಗಾದ್ರ ಹಿಂದಿನ ವಾಸನಿ ಮುಂದ ಬಂದೀತು, ದೌಲಪ್ಪ. ಓಡೋ ಮೋಟಾರಿನ್ಯಾಗ ಬರಂಗಿಲ್ಲ, ಗಾಳಿ ಎಲ್ಲಾ ಹಿಂದಕ್ಕ ಒಯ್ತದ. ಉರಿದದ್ದು ಕಡೀ ಹಲಗಿ ಮ್ಯಾಲ. ಅದರ ಬಾಜೂಕ ಕುಂತ ಶೇವಂತಾಗೇ ವಾಸನಿ ಬಂದಿಲ್ಲ. ನನ್ನ ಬಾಜೂಕ ಕುಂತ ನಿನಗ ಹ್ಯಾಂಗ ಬಂತು?"