ಮೊಸಳೆಯ ಹೊಟ್ಟೆಗೆ ಇಳಿದ ರಾಣಿ

ಬಹಳ ಬಹಳ ಹಿಂದೆ ಹೊನ್ನದಡ ಎಂಬ ರಾಜ್ಯವಿತ್ತು. ರಾಜ್ಯವೆಂದರೆ ಒಂದೇ ಪಟ್ಟಣ, ಅದರ ಮುಂದೆ ಒಂದು ದೊಡ್ಡ ಹೊಳೆ. ರಾಣಿ ಅರುಳಮ್ಮ ಅದನ್ನು ಆಳುತ್ತಿದ್ದಳು. ಪ್ರಜೆಗಳನ್ನೆಲ್ಲ ಹೆಸರು ಹಿಡಿದೇ ಕರೆಯುತ್ತಿದ್ದಳು. ಅವಳು ಹಾಕಿದ್ದ ಕಟ್ಟಳೆ ಒಂದೇ: ಆಚೆ ದಡದ ನೀಲಿ ಮಾವಿನಹಣ್ಣನ್ನು ಯಾರೂ ತಿನ್ನಬಾರದು. ತಿಂದವರು ಮಾಯಾವಿ ಕಾರಿರುಳನ ಪಾಲಾಗುತ್ತಾರೆ.

ಆ ಹೊಳೆಯಲ್ಲಿ ಚೌರಪ್ಪ ಎಂಬ ಅಂಬಿಗನಿದ್ದ. ಒಂದು ದಿನ ಆಚೆ ದಡದಲ್ಲಿ ಕಾರಿರುಳ ಮುದುಕನ ವೇಷದಲ್ಲಿ ನಿಂತು ಅವನನ್ನು ಕರೆದ.

"ತಮ್ಮಾ, ಹುಟ್ಟು ಹಾಕಿ ಹಾಕಿ ಅಂಗೈ ಒಡೆದಿದೆಯಲ್ಲ. ಈ ಬುಟ್ಟಿ ಹಣ್ಣನ್ನು ಪಟ್ಟಣಕ್ಕೆ ಮುಟ್ಟಿಸು. ನಾಳೆಯಿಂದ ನಿನ್ನ ದೋಣಿ ತಾನೇ ನಡೆಯುತ್ತದೆ."

ಅದು ಯಾವ ಹಣ್ಣೆಂದು ಚೌರಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ದೋಣಿಗೆ ಹೇರಿಕೊಂಡ. ನಡುಹೊಳೆಯಲ್ಲಿ ತಾನೂ ಒಂದು ತಿಂದ. ಪಟ್ಟಣದವರು ಒಬ್ಬರನ್ನು ನೋಡಿ ಒಬ್ಬರು ತಿಂದರು. ಎಷ್ಟು ತಿಂದರೂ ಬುಟ್ಟಿ ಬರಿದಾಗಲಿಲ್ಲ. ಕೊನೆಗೆ ತಿನ್ನದೆ ಉಳಿದವಳು ರಾಣಿಯೊಬ್ಬಳೇ.

ಮಾರನೆಯ ದಿನ ಕಾರಿರುಳ ಗುಡ್ಡದಷ್ಟು ದೊಡ್ಡ ಮೊಸಳೆಯಾಗಿ ಬಂದ. ದಿನಕ್ಕೊಂದು ಬೀದಿಯಂತೆ ಜನರನ್ನು ನುಂಗಿದ. ನುಂಗಿಸಿಕೊಂಡವರು ಸಾಯಲಿಲ್ಲ, ಕತ್ತಲೆಯ ಹೊಟ್ಟೆಯಲ್ಲಿ ಕುಳಿತು ಅಳುತ್ತಿದ್ದರು. ಏಳನೆಯ ದಿನ ಚೌರಪ್ಪನ ಹೆಂಡತಿ ದಯಾಮಣಿಯೂ ಹೋದಳು.

"ನಿನ್ನಿಂದಲೇ ನನಗೆ ಇಷ್ಟೆಲ್ಲ ಸಿಕ್ಕಿತು. ನಿನ್ನನ್ನು ಕೊನೆಗೆ ನುಂಗುತ್ತೇನೆ, ಕಾದಿರು," ಎಂದಿತು ಮೊಸಳೆ.

ಚೌರಪ್ಪ ಎದೆ ಎದೆ ಬಡಿದುಕೊಂಡ. ತನ್ನ ತಪ್ಪಿಗೆ ತಾನೇ ಪ್ರಾಯಶ್ಚಿತ್ತ ಮಾಡಬೇಕೆಂದು ಹೊರಟ.

ಮೊದಲು ಗುಡ್ಡದಿಂದ ನೂರು ಟಗರು ಹೊಡೆದುಕೊಂಡು ಬಂದ. "ಇವನ್ನು ತಗೊಂಡು ಜನರನ್ನು ಬಿಡು," ಎಂದ. ಮೊಸಳೆ ನೂರನ್ನೂ ತಿಂದು ತೇಗಿತು. "ಇದು ನನ್ನ ಹಸಿವಿಗಾಯಿತು. ಹಣ್ಣು ತಿಂದದ್ದು ಟಗರೇ?"

ಆಮೇಲೆ ನಲವತ್ತು ದಿನ ಉಪವಾಸವಿದ್ದು ಕುತ್ತಿಗೆವರೆಗಿನ ನೀರಿನಲ್ಲಿ ನಿಂತ. ಎಲುಬು ಎಣಿಸುವ ಹಾಗಾದ. ಮೊಸಳೆ ನಕ್ಕಿತು. "ಸೊರಗಿದ್ದು ನಿನ್ನ ಮೈ, ನನ್ನ ಹೊಟ್ಟೆಯಲ್ಲ."

ಮೂರನೆಯ ಸಲ ಚೌರಪ್ಪ ಮೊಸಳೆಯ ಬಾಯಿಯ ಮುಂದೆಯೇ ಮಲಗಿದ. "ನನ್ನ ಪ್ರಾಣ ತಗೋ. ಅವರನ್ನು ಬಿಡು."

"ನೀನೂ ಹಣ್ಣು ತಿಂದವನೇ," ಎಂದಿತು ಮೊಸಳೆ. "ನನ್ನದನ್ನೇ ನನಗೆ ಕೊಟ್ಟರೆ ಅದು ಯಾವ ಬಲಿ?"

ಅವನು ಮರಳಿನಲ್ಲಿ ಮುಖವಿಟ್ಟು ಅತ್ತ. ಆಗ ರಾಣಿ ಬರಿಗಾಲಿನಲ್ಲಿ ದಡಕ್ಕೆ ಬಂದಳು.

"ಚೌರಪ್ಪಾ, ದೋಣಿ ಇಳಿಸು. ನಾನು ಅದರ ಹತ್ತಿರ ಹೋಗಬೇಕು."

"ತಾಯಿ, ತಪ್ಪು ನನ್ನದು."

"ಹೌದು, ನಿನ್ನದೇ."

"ಮತ್ತೆ ನೀವೇಕೆ ಹೋಗಬೇಕು?"

"ತಪ್ಪು ಮಾಡಿದವರ ಕೈಯಲ್ಲಿ ಆಗದ ಕೆಲಸ ಇದು. ಒಳಗಿರುವವರು ನನ್ನ ಮಕ್ಕಳು. ನೀನೂ ನನ್ನ ಮಗನೇ."

ತಾನೇ ನಡೆಯುತ್ತದೆ ಎಂದಿದ್ದ ದೋಣಿಗೆ ಚೌರಪ್ಪ ಹುಟ್ಟು ಹಾಕಿದ. ರಾಣಿ ಮೊಸಳೆಯ ಎದುರು ನಿಂತು ಹೇಳಿದಳು: "ಇವನ ಬದಲಿಗೆ, ಒಳಗಿರುವ ಎಲ್ಲರ ಬದಲಿಗೆ, ನನ್ನನ್ನು ತೆಗೆದುಕೋ."

ರಾಣಿಯನ್ನೇ ನುಂಗಿದರೆ ರಾಜ್ಯವೇ ತನ್ನದೆಂದು ಮೊಸಳೆ ಹಿಗ್ಗಿತು. "ಒಪ್ಪಿದೆ," ಎಂದು ಬಾಯಿ ತೆರೆಯಿತು. ರಾಣಿ ಒಳಗೆ ಕಾಲಿಟ್ಟಳು, ಅದು ಬಾಯಿ ಮುಚ್ಚಿತು. ಹಲ್ಲುಗಳು ಅವಳ ಎರಡೂ ಅಂಗೈಯನ್ನು ತೂರಿದವು. ಹೊಳೆ ಕೆಂಪಾಯಿತು.

ಒಂದು ದಿನ ಕಳೆಯಿತು. ಮೊಸಳೆ ಮಿಸುಕಲಿಲ್ಲ, ಒಪ್ಪಿದಂತೆ ಯಾರನ್ನೂ ಬಿಡಲೂ ಇಲ್ಲ. ಎರಡು ದಿನ ಕಳೆಯಿತು. ಚೌರಪ್ಪ ದಡ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಹೊತ್ತು ಮೂಡುವಾಗ ಮೊಸಳೆ ಹೊರಳಾಡಿ ಅರಚಿತು.

"ಇವಳು ನನಗೆ ದಕ್ಕುತ್ತಿಲ್ಲ. ಇವಳಲ್ಲಿ ನನ್ನದೆಂಬುದು ಒಂದು ಚೂರೂ ಇಲ್ಲ."

ಅದರ ಬಾಯಿ ಒಳಗಿನಿಂದ ತೆರೆಯಿತು. ಗಾಯದ ಕೈಗಳಿಂದ ಮೇಲಿನ ದವಡೆಯನ್ನು ಎತ್ತಿ ಹಿಡಿದು ರಾಣಿ ನಿಂತಿದ್ದಳು.

"ಬನ್ನಿ ಮಕ್ಕಳೇ, ಬೆಳಗಾಯಿತು," ಎಂದಳು.

ಜನ ಬಂದರು, ಬೀದಿ ಬೀದಿಯೇ ಬಂದಿತು. ಕಣ್ಣುಜ್ಜಿಕೊಂಡು ಮಕ್ಕಳು ಬಂದರು. ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ಅಜ್ಜಿ, "ಏನು ನಾರುತ್ತಪ್ಪಾ ಇದರ ಹೊಟ್ಟೆ," ಎಂದು ಬೈಯುತ್ತ ಬಂದಳು. ತಾಳಿ ಕಟ್ಟುವ ಹೊತ್ತಿಗೇ ನುಂಗಿಸಿಕೊಂಡಿದ್ದ ಒಂದು ಮದುವೆಯ ದಿಬ್ಬಣವೂ ಬಂದಿತು, ವಾಲಗದ ಸಮೇತ. ದಯಾಮಣಿ ಓಡಿ ಬಂದು ಗಂಡನ ತೋಳು ಹಿಡಿದಳು. ಒಬ್ಬೊಬ್ಬರು ಹೊರಬಂದಂತೆ ಮೊಸಳೆ ಕುಗ್ಗಿತು. ಕೊನೆಯವನ ಹಿಂದೆ ರಾಣಿಯೂ ಇಳಿದಾಗ ಅದು ಹಲ್ಲಿಯಷ್ಟಾಗಿತ್ತು. ದಡದಲ್ಲಿದ್ದ ಕೊಕ್ಕರೆಯೊಂದು ಅದನ್ನು ಕುಕ್ಕಿ ನುಂಗಿ ಹಾರಿಹೋಯಿತು.

ನಿಂತಿದ್ದ ಮದುವೆಯನ್ನು ಅಲ್ಲೇ ಹೊಳೆದಡದಲ್ಲಿ ಮುಗಿಸಿ ಎಲೆ ಹಾಕಿದರು. ಚೌರಪ್ಪ ಮಾತ್ರ ದೂರದಲ್ಲಿ, ದೋಣಿಯ ಮರೆಯಲ್ಲಿ ಕುಳಿತಿದ್ದ. ರಾಣಿ ಅವನಿದ್ದಲ್ಲಿಗೇ ಹೋದಳು.

"ತಾಯಿ, ಇದಕ್ಕೆ ನಾನು ಏನು ಕೊಡಲಿ?" ಎಂದ ಅವನು, ಅವಳ ಅಂಗೈ ನೋಡುತ್ತ.

"ಕೊಡುವುದೆಲ್ಲ ಕೊಟ್ಟಾಯಿತು. ಇನ್ನು ನೀನು ಬಂದು ಉಣ್ಣುವುದಷ್ಟೇ ಬಾಕಿ."

"ಆ ಪಂಕ್ತಿಯಲ್ಲಿ ಕೂರುವ ಯೋಗ್ಯತೆ ನನಗಿಲ್ಲ."

"ಯೋಗ್ಯತೆ ನೋಡಿ ಕರೆದಿದ್ದರೆ ಇಲ್ಲಿ ಒಂದು ಎಲೆಯನ್ನೂ ಹಾಕುವ ಹಾಗಿರಲಿಲ್ಲ. ಏಳು, ಪಾಯಸ ಆರುತ್ತದೆ."

ಅವಳು ಅವನನ್ನು ತನ್ನ ಪಕ್ಕದಲ್ಲೇ ಕೂರಿಸಿ, ಗಾಯದ ಕೈಯಿಂದಲೇ ಬಡಿಸಿದಳು. ಚೌರಪ್ಪ ಮೊದಲ ತುತ್ತು ಅಳುತ್ತ ಉಂಡ. ಎರಡನೆಯ ತುತ್ತಿಗೆ ನಕ್ಕ. ಮೂರನೆಯ ಸಲ, "ಇನ್ನಷ್ಟು ಹಾಕಿ ತಾಯಿ," ಎಂದ.

ಆ ಊಟ ಏಳು ದಿನ ನಡೆಯಿತಂತೆ. ಹೊನ್ನದಡದಲ್ಲಿ ಅಂದು ನಕ್ಕವರು ಬಾಳಿನುದ್ದಕ್ಕೂ ನಗುನಗುತ್ತಲೇ ಇದ್ದರಂತೆ.