ಲ್ಯಾಪ್‌ಟಾಪಿನ ಬಾಯಿ

"ಮತ್ತ ಕಾರ್ಟೂನ್ ನೋಡೀ, ಹೌದಿಲ್ಲೋ?"

ಅವ್ವ ಲ್ಯಾಪ್‌ಟಾಪನ್ನು ಅಮೃತಾಳ ಮುಂದೆ ಹಿಡಿದು ನಿಂತಿದ್ದಳು. ಪರದೆಯ ಮೂಲೆಯಲ್ಲಿ ನಾಲ್ಕು ಪರ್ಸೆಂಟ್ ಎಂದು ಕಾಣುತ್ತಿತ್ತು. ಅಮೃತಾ ಬಾಯಲ್ಲಿದ್ದ ರೊಟ್ಟಿ ನುಂಗುವಷ್ಟರಲ್ಲಿ ಅದು ಮೂರಾಯಿತು. ಬೆರಳಿಗೆ ಹತ್ತಿದ ಶೇಂಗಾ ಚಟ್ನಿ ನೆಕ್ಕುವಷ್ಟರಲ್ಲಿ ಪರದೆಯೇ ಕಪ್ಪಾಯಿತು.

"ನಾ ಮುಟ್ಟೇ ಇಲ್ಲ ಬೇ ಯವ್ವಾ."

"ನೀ ಮುಟ್ಟಿಲ್ಲ, ನಾ ಮುಟ್ಟಿಲ್ಲ. ಮತ್ತ ಚಾರ್ಜ್ ತಾನಽ ಎದ್ದು ಕೊಪ್ಪಳಕ್ಕ ಹೋತೇನು? ನಿನ್ನೆ ಇದರ ಸುತ್ತ ಇರುವಿ ಸಾಲು ಹಚ್ಚಿದ್ದವು. ಬಿಸ್ಕಿಟ್ ತಿನಕೋತ ಕಾರ್ಟೂನ್ ನೋಡಿದಾಕಿ ಯಾರು ಮತ್ತ?"

ಅಮೃತಾ ಬಿಸ್ಕಿಟ್ ತಿಂದದ್ದು ನಿಜ. ಆದರೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತಿಂದಿದ್ದಳು. ಅದನ್ನು ಹೇಳಿದರೆ ಯಾರು ನಂಬುತ್ತಾರೆ?

ಆ ಲ್ಯಾಪ್‌ಟಾಪ್ ಹಳೆಯದು, ಆದರೆ ಮನೆಗೆ ಅನ್ನ ಹಾಕುವಂಥದ್ದು. ಅಮೃತಾಳ ಅವ್ವ ಮಹೇಶ್ವರಿ ಯಲಬುರ್ಗಾದ ಕಚೇರಿಗಳ ಎದುರು ತಗಡಿನ ನೆರಳಲ್ಲಿ ಟೇಬಲ್ ಹಾಕಿಕೊಂಡು ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದಳು. ಅಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಬ್ಯಾಟರಿ ಇಲ್ಲದಿದ್ದರೆ ಅರ್ಧ ತುಂಬಿದ ಅರ್ಜಿ ಗೋವಿಂದ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ತುಂಬದೆ, ಎರಡು ದಿನದಿಂದ ಹಾಗೇ ಆಗುತ್ತಿತ್ತು. ಹಳ್ಳಿಗಳಿಂದ ಬಸ್ ಹಿಡಿದು ಬಂದವರು ಬರಿಗೈಯಲ್ಲಿ ತಿರುಗಿ ಹೋಗುತ್ತಿದ್ದರು.

ಕುಷ್ಟಗಿಯ ಯಂಕೇಶ ಮಾಮಾ ಫೋನಿನಲ್ಲೇ ರೋಗ ಹೇಳಿಬಿಟ್ಟಿದ್ದ. "ಬ್ಯಾಟರಿ ಸತ್ತೈತಿ ಅಕ್ಕಾ. ಹೊಸಾದು ಹಾಕಿಸು." ಹೋದ ವರ್ಷ ಮಿಕ್ಸರ್ ಕೆಟ್ಟಾಗಲೂ ಅವನು ಬ್ಯಾಟರಿ ಸತ್ತಿದೆ ಎಂದೇ ಹೇಳಿದ್ದ. ಮಿಕ್ಸರಿಗೆ ಬ್ಯಾಟರಿಯೇ ಇರುವುದಿಲ್ಲ.

ಅವ್ವ ಜೋಳದ ಡಬ್ಬಿಯೊಳಗೆ ಕೈ ಹಾಕಿದಳು. ಆ ಡಬ್ಬಿಯಲ್ಲಿ ಇದ್ದದ್ದು ಅಮೃತಾಳ ಟ್ರಿಪ್ಪಿನ ರೊಕ್ಕ.

"ಈ ಸಲ ಟ್ರಿಪ್ ಬ್ಯಾಡ," ಎಂದಳು ಅವ್ವ. "ಬ್ಯಾಟರಿ ಹಾಳು ಮಾಡಿದಾಕಿ ನೀನಽ. ಬ್ಯಾಟರಿ ಬಂದ ಮ್ಯಾಲ ಡಬ್ಬಿ ಖಾಲಿ."

ಶಾಲೆಯಿಂದ ವಿಜಯಪುರದ ಗೋಲಗುಂಬಜಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿ ನಿಂತು ಒಮ್ಮೆ ಕೂಗಿದರೆ ಏಳು ಸಲ ತಿರುಗಿ ಕೇಳುತ್ತದಂತೆ. ಅಮೃತಾ ಹದಿನೈದು ದಿನದಿಂದ ಹಿತ್ತಲಿನ ಖಾಲಿ ನೀರಿನ ಬ್ಯಾರಲ್ಲಿಗೆ ತಲೆ ತೂರಿಸಿ, "ಅಮೃತಾ" ಎಂದು ಕೂಗುವ ಪ್ರಾಕ್ಟೀಸ್ ಮಾಡುತ್ತಿದ್ದಳು. ಬ್ಯಾರಲ್ಲಿಗೆ ದೆವ್ವ ಹೊಕ್ಕಿದೆ ಎಂದು ಅಜ್ಜಿ ಮುದಕಮ್ಮ ಮೊದಲ ದಿನ ಅದಕ್ಕೆ ನಿಂಬೆಹಣ್ಣು ನಿವಾಳಿಸಿದ್ದಳು.

ಬಸ್ಸಿನಲ್ಲಿ ಯಾರ ಪಕ್ಕ ಕೂರಬಾರದು ಎಂಬುದೂ ನಿಶ್ಚಯವಾಗಿತ್ತು. ತನ್ನ ಕ್ಲಾಸಿನ ಗುಲ್ಶನಳ ಪಕ್ಕ ಕೂರಬಾರದು. ಅಮೃತಾಳ ಸ್ಟ್ರಾಬೆರಿ ವಾಸನೆಯ ರಬ್ಬರ್ ಕಳೆದ ದಿನ ಪಕ್ಕದಲ್ಲಿ ಕೂತಿದ್ದವಳು ಗುಲ್ಶನಳೇ. "ನಾ ತೊಗೊಂಡಿಲ್ಲ, ಬ್ಯಾಗ್ ಒಮ್ಮೆ ನೋಡ್ಕೊ," ಎಂದು ಅವಳು ಮೂರು ಸಲ ಹೇಳಿದ್ದಳು. ಅಮೃತಾ ಕೇಳಿರಲಿಲ್ಲ. ಇಡೀ ಕ್ಲಾಸಿನ ಮುಂದೆ "ಕಳ್ಳಿ" ಎಂದುಬಿಟ್ಟಿದ್ದಳು. ಈಗ ಟ್ರಿಪ್ಪೇ ಇಲ್ಲ ಎಂದ ಮೇಲೆ ಯಾರ ಪಕ್ಕ ಕೂತರೇನು, ಬಿಟ್ಟರೇನು? ಅವಳಿಗೆ ಅಳು ಬಂತು.

ಮಧ್ಯಾಹ್ನ ಮೂವರೂ ಬಸ್ ಸ್ಟ್ಯಾಂಡ್ ಹತ್ತಿರದ ಇಲಿಯಾಸನ ರಿಪೇರಿ ಅಂಗಡಿಗೆ ಹೊರಟರು. ಅಜ್ಜಿ ಯಾಕೆಂದರೆ, ಚೌಕಾಶಿಗೆ. ಸಂತೆಯಲ್ಲಿ ಬದನೆಕಾಯಿ ಮಾರುವವರು ಮುದಕಮ್ಮನನ್ನು ಕಂಡರೆ ತಕ್ಕಡಿ ಮುಚ್ಚಿಡುತ್ತಿದ್ದರು.

ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅಜ್ಜಿ ಶುರು ಮಾಡಿದಳು. "ತಮ್ಮಾ, ಬ್ಯಾಟರಿ ಹೆಂಗ?"

"ಎರಡೂವರಿ ಸಾವಿರ, ಅಜ್ಜಿ."

"ಸಾವಿರಕ್ಕ ಕೊಡು. ಹಳೇದು ನೀನಽ ಇಟ್ಗೋ."

ಇಲಿಯಾಸ ಕನ್ನಡಕವನ್ನು ಹಣೆಗೇರಿಸಿ ನಕ್ಕ. "ತಡೀರಿ. ಮೊದಲ ಕೆಟ್ಟಿದ್ದು ಏನು ಅಂತ ನೋಡೂಣು. ಹೊಟ್ಟಿ ನೋವು ಅಂತ ಹೋದ್ರ ಡಾಕ್ಟರು ಹೊಟ್ಟೀನಽ ಬದಲಿ ಮಾಡ್ತಾರೇನು?"

"ನಮ್ಮ ತಮ್ಮ ಬ್ಯಾಟರಿ ಅಂತಽ ಹೇಳ್ಯಾನ್ರಿ," ಎಂದಳು ಅವ್ವ. "ಇಕಿ ಕಾರ್ಟೂನ್ ನೋಡಿ ನೋಡಿ ಹಾಳು ಮಾಡ್ಯಾಳ."

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ಅಮೃತಾಳ ಕಡೆ ತಿರುಗಿ ನೋಡಿದರು. ಅವಳು ಅಜ್ಜಿಯ ಬೆನ್ನ ಹಿಂದೆ ಹೋಗಿ ನಿಂತಳು.

ಇಲಿಯಾಸ ಮೊದಲು ಅವರ ಚಾರ್ಜರನ್ನು ತನ್ನ ಹತ್ತಿರವಿದ್ದ ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದ. ದೀಪ ಹತ್ತಿತು. "ಚಾರ್ಜರ್ ಛಲೋ ಐತಿ."

"ಹಂಗಾರ ಬ್ಯಾಟರೀನಽ," ಎಂದಳು ಅಜ್ಜಿ. "ಹನ್ನೊಂದು ನೂರು. ಇದಕ್ಕಿಂತ ಮ್ಯಾಲ ಒಂದು ಪೈ ಇಲ್ಲ."

ಇಲಿಯಾಸ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಎರಡು ಗುಂಡಿ ಸರಿಸಿ, ಬ್ಯಾಟರಿಯನ್ನು ಹೊರಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಆಮೇಲೆ ಬ್ಯಾಟರಿ ಇಲ್ಲದ ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿ, ಅಮೃತಾಳಿಗೆ, "ಬಟನ್ ಒತ್ತು," ಎಂದ.

ಅಮೃತಾ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಗಲೂ ಇಲ್ಲ.

"ಈಗ ಹೇಳು. ಬ್ಯಾಟರಿ ಎಲ್ಲೈತಿ?"

"ನಿಮ್ಮ ಕೈಯಾಗ."

"ಚಾರ್ಜರ್ ಛಲೋ ಇದ್ದರ, ಬ್ಯಾಟರಿ ಇಲ್ಲದಿದ್ದರೂ ಇದು ಸೀದಾ ಕರೆಂಟಿನ ಮ್ಯಾಲ ಆನ್ ಆಗಬೇಕು. ಆಗವಲ್ದು. ಇಲ್ಲಿ ಇಲ್ಲದವರ ಮ್ಯಾಲ ತಪ್ಪು ಹೊರಿಸಾಕ ಬರತೈತೇನು?"

ಅಮೃತಾ ಅವನ ಅಂಗೈಯಲ್ಲಿದ್ದ ಬ್ಯಾಟರಿಯನ್ನು ನೋಡಿದಳು. ಪಾಪ, ಅದು ಎರಡು ದಿನದಿಂದ ಎಲ್ಲರ ಕೈಲೂ ಬೈಸಿಕೊಂಡಿತ್ತು. ಅವಳಿಗೆ ಅದೂ ತನ್ನ ಹಾಗೇ ಎಂದು ಅನ್ನಿಸಿತು.

"ಕರೆಂಟ್ ಒಳಗಽ ಹೋಗವಲ್ದು," ಎಂದ ಇಲಿಯಾಸ. ಚಾರ್ಜರ್ ಕಿತ್ತು, ಅದರ ಪಿನ್ನು ಹೋಗುವ ಸಣ್ಣ ತೂತಿಗೆ ಮೊಬೈಲ್ ಟಾರ್ಚ್ ಹಿಡಿದ. ಒಳಗಿಂದ ಒಂದು ಕೆಂಪು ಇರುವೆ ಹೊರಬಂದು, ಎಲ್ಲರನ್ನೂ ನೋಡಿ, ಮತ್ತೆ ಒಳಗೆ ಹೋಯಿತು.

ಅವನು ಸಣ್ಣ ಚಿಮಟ ತೂರಿಸಿ ಮೆಲ್ಲಗೆ ಕೆರೆದ. ಜೋಳದ ಕಾಳಿನಷ್ಟು ದೊಡ್ಡ, ಕಂದು ಬಣ್ಣದ, ಕಲ್ಲಿನಂತೆ ಗಟ್ಟಿಯಾದ ಏನೋ ಒಂದು ಟೇಬಲ್ ಮೇಲೆ ಬಿತ್ತು. ಅದರ ಹಿಂದೆಯೇ ಮೂರು ಇರುವೆಗಳು ಇಳಿದವು. ಇಲಿಯಾಸ ಅದನ್ನು ಮೂಸಿದ. "ಹದಿನಾರು ವರ್ಷ ಆತು ಈ ಕೆಲಸ ಮಾಡಾಕತ್ತು. ಯಾಲಕ್ಕಿ ವಾಸನಿ ಬರೂ ಲ್ಯಾಪ್‌ಟಾಪ್ ಇದಽ ಮೊದಲನೇದು."

ಅಜ್ಜಿ ಬಗ್ಗಿ ನೋಡಿದಳು. "ಅದು ಹೂರಣ," ಎಂದಳು. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೋ ಏನೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಮೃತಾಳಿಗೆ ಎಲ್ಲ ನೆನಪಾಯಿತು. ಮೊನ್ನೆ ದೀಪಾವಳಿ ಅಮಾವಾಸ್ಯೆಯ ದಿನ ಲಕ್ಷ್ಮೀಪೂಜೆಗೆ ಅವ್ವನ ಲ್ಯಾಪ್‌ಟಾಪನ್ನೂ ದೇವರ ಮುಂದೆ ಇಟ್ಟಿದ್ದರು. ಅವ್ವ ಪಕ್ಕದ ಮನೆಗೆ ಹೋಳಿಗೆ ಕೊಡಲು ಹೋಗಿದ್ದಳು. ಅಜ್ಜಿ ಕುಡುಗೋಲಿಗೆ, ಕತ್ತರಿಗೆ, ತಕ್ಕಡಿಗೆ, ಎಲ್ಲಕ್ಕೂ ಒಂದೊಂದು ಚೂರು ಹೂರಣ ಮುಟ್ಟಿಸುತ್ತ ಬಂದಿದ್ದಳು. "ವರ್ಷಪೂರ್ತಿ ದುಡಿಯೂ ವಸ್ತು, ಹಬ್ಬದ ದಿನ ಉಪವಾಸ ಇಡಬಾರದು. ಇದರ ಬಾಯಿ ಎಲ್ಲೈತಿ?" ಎಂದು ಕೇಳಿದ್ದಳು. ಕ್ಲಾಸಿನಲ್ಲಿ ಕಂಪ್ಯೂಟರಿಗೆ ಫಸ್ಟ್ ಬರುವ ಅಮೃತಾ ಬೆರಳಿಟ್ಟು ತೋರಿಸಿದ್ದಳು. "ಇಲ್ಲೈತಿ ಅಜ್ಜಿ. ಇಲ್ಲಿಂದಽ ಕರೆಂಟ್ ತಿಂತೈತಿ."

"ಯಾರು ಹಾಕಿದ್ರಿ ಇದನ್ನ?" ಅವ್ವನ ದನಿ ಮೇಲೇರಿತು.

"ನಾನಽ," ಎಂದಳು ಅಜ್ಜಿ ನೆಲ ನೋಡುತ್ತ. "ಮುದುಕಿಗೆ ಏನು ತಿಳೀತೈತಿ? ಕೂಸಿಗೇನೂ ಗೊತ್ತಿಲ್ಲ."

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಟ್ರಿಪ್ಪೂ ಉಳಿಯುತ್ತಿತ್ತು. ಅಮೃತಾ ಅಜ್ಜಿಯ ಬಾಗಿದ ತಲೆಯನ್ನು ನೋಡಿದಳು, ಇಲಿಯಾಸನ ಕೈಯಲ್ಲಿದ್ದ ಬ್ಯಾಟರಿಯನ್ನು ನೋಡಿದಳು.

"ಬಾಯಿ ಎಲ್ಲೈತಿ ಅಂತ ತೋರಿಸಿದಾಕಿ ನಾನು," ಎಂದಳು.

ಅವ್ವ ಇಬ್ಬರನ್ನೂ ದುರುಗುಟ್ಟಿ ನೋಡಿದಳು. ಅವಳ ತುಟಿ ನಡುಗಿತು. ಅಳುತ್ತಾಳೋ ಬಡಿಯುತ್ತಾಳೋ ಎಂದು ಅಮೃತಾ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಅವ್ವ ಸ್ಟೂಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಗಿರಾಕಿಗಳಿಬ್ಬರೂ ನಕ್ಕರು.

ಇಲಿಯಾಸ ತೂತನ್ನು ಬ್ರಷ್ಷಿನಿಂದ ಒರೆಸಿ, ಬ್ಯಾಟರಿ ಹಾಕಿ, ಚಾರ್ಜರ್ ಚುಚ್ಚಿದ. ದೀಪ ಹತ್ತಿತು. "ಪುಣ್ಯಾ, ಒಳಗ ಏನೂ ಸುಟ್ಟಿಲ್ಲ. ಐವತ್ತು ರೂಪಾಯಿ ಕೊಡ್ರಿ."

"ಮೂವತ್ತು," ಎಂದಳು ಅಜ್ಜಿ. ಅವಳಿಗೆ ಜೀವ ಬಂದಿತ್ತು. "ಹೂರಣ ನಮ್ಮದಽ."

"ಆತು ಬಿಡ್ರಿ. ಮುಂದಿನ ದೀಪಾವಳಿಗೆ ಹೋಳಿಗಿ ನನಗ ತಂದು ಕೊಡ್ರಿ. ಬಾಯಿ ಇಲ್ಲೈತಿ," ಎಂದು ಇಲಿಯಾಸ ತನ್ನ ಬಾಯಿ ತೋರಿಸಿದ.

ದಾರಿಯಲ್ಲಿ ಅವ್ವ ಮಿರ್ಚಿ ಬಂಡಿಯ ಹತ್ತಿರ ನಿಂತು, ಕೇಳದೆಯೇ ಅಮೃತಾಳಿಗೆ ಎರಡು ಮಿರ್ಚಿ ಕೊಡಿಸಿದಳು. "ಹಂಗಾರ ಕಾರ್ಟೂನ್ ನೋಡಿದ್ದಿಲ್ಲ ನೀ," ಎಂದಳು.

"ಇಲ್ಲಬೇ. ಮೊದಲಽ ಹೇಳಿದ್ನಲ್ಲಾ."

"ಹೇಳಿದ್ದಿ. ನಾನಽ ಕೇಳಲಿಲ್ಲ," ಎಂದು ಅವ್ವ ಅವಳ ತಲೆ ಸವರಿದಳು. "ನಾಳೆ ಟ್ರಿಪ್ಪಿಗೆ ಹೆಸರು ಕೊಡು."

ಮಿರ್ಚಿ ಬಿಸಿಯಾಗಿತ್ತು, ರುಚಿಯಾಗಿತ್ತು. ಆದರೂ ಅಮೃತಾ ಎರಡನೆಯದನ್ನು ಅರ್ಧಕ್ಕೇ ಅಜ್ಜಿಯ ಕೈಗೆ ಕೊಟ್ಟಳು. ಗುಲ್ಶನ ಮೂರು ಸಲ ಹೇಳಿದ್ದ ಮಾತು ಅವಳ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಮನೆಗೆ ಬಂದವಳೇ ಶಾಲೆಯ ಬ್ಯಾಗನ್ನು ನೆಲದ ಮೇಲೆ ಬೋರಲು ಹಾಕಿದಳು. ಪುಸ್ತಕ ಬಿದ್ದವು, ಪೆನ್ಸಿಲ್ ಬಿದ್ದವು, ಹುಣಸೆಬೀಜ ಬಿದ್ದವು. ರಬ್ಬರ್ ಇಲ್ಲ. ಅಬ್ಬಾ ಎಂದುಕೊಂಡು ಕೈ ಒಳಗೆ ಹಾಕಿ ಮೂಲೆ ತಡವಿದಳು. ಅಲ್ಲಿ ಒಳಬಟ್ಟೆಯ ಹೊಲಿಗೆ ಬಿಚ್ಚಿತ್ತು. ಅದರೊಳಗೆ ಬೆರಳು ತೂರಿಸಿದಳು. ಮೆತ್ತಗೆ ಏನೋ ಸಿಕ್ಕಿತು.

ಹೊರಗೆ ತೆಗೆದು ಮೂಸಿದಳು. ಸ್ಟ್ರಾಬೆರಿ.

ಅಮೃತಾ ಆ ರಬ್ಬರನ್ನು ಹಿಡಿದುಕೊಂಡೇ ಎದ್ದು ಹಿತ್ತಲಿಗೆ ಹೋದಳು. ಬ್ಯಾರಲ್ಲಿನೊಳಗೆ ತಲೆ ತೂರಿಸಿದಳು. ಈ ಸಲ ತನ್ನ ಹೆಸರು ಕೂಗಲಿಲ್ಲ.

"ಗುಲ್ಶನ, ನೀ ತೊಗೊಂಡಿದ್ದಿಲ್ಲ. ತಪ್ಪು ನಂದು," ಎಂದಳು.

ದನಿ ತೀರಾ ಸಣ್ಣದಾಯಿತು. ಬ್ಯಾರಲ್ ಕೂಡ ತಿರುಗಿ ಹೇಳಲಿಲ್ಲ. ನಾಳೆ ಇಡೀ ಕ್ಲಾಸಿಗೆ ಇಷ್ಟು ಕೇಳಿಸುವುದಿಲ್ಲ. ಅಮೃತಾ ಉಸಿರು ಎಳೆದುಕೊಂಡು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದಳು.